ಕೊಡಗಿನ ಎಡಪಂಥೀಯ ಓದಿನ ಬಳಗಕ್ಕೆ ಯಾವ ಪುಸ್ತಕಗಳನ್ನು ಆರಿಸಬೇಕು?

ಸಿದ್ದಾಪುರದ ಸುತ್ತಮುತ್ತಲಿನ ಶಿಕ್ಷಕರು, ವಿದ್ಯಾರ್ಥಿಗಳು ಮತ್ತು ತೋಟಗಳಲ್ಲಿ ದುಡಿಯುವವರು ಸೇರಿ ಎಡಪಂಥೀಯ ಓದಿನ ಬಳಗವೊಂದನ್ನು ಕಟ್ಟುತ್ತಿದ್ದೀರಿ. ಮಾರ್ಕ್ಸ್‌ನ ‘ಬಂಡವಾಳ’ವನ್ನೇ ಮೊದಲ ಪುಟದಿಂದ ಓದತೊಡಗಬೇಕೇ, ಇಲ್ಲವೇ ಸುಲಭದ ಪುಸ್ತಕಗಳಿಂದ ಆರಂಭಿಸಬೇಕೇ ಎಂದು ಕೇಳಿದ್ದೀರಿ. ಗೋಣಿಕೊಪ್ಪಲಿನ ಇಂಥದ್ದೇ ಬಳಗದಲ್ಲಿ ಪುಸ್ತಕ ಆರಿಸುವ ಹೊಣೆ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಸುಲಭವೋ ಕಠಿಣವೋ ಎಂಬುದಕ್ಕಿಂತ, ಪುಸ್ತಕದ ವಾದವನ್ನು ಸದಸ್ಯರು ತಾವು ಕಂಡುಂಡ ಸಂಗತಿಗಳಿಗೆ ಒರೆಹಚ್ಚಿ ನೋಡಬಲ್ಲರೇ ಎಂಬುದನ್ನೇ ನಾನು ಮೊದಲು ಗಮನಿಸುತ್ತೇನೆ.

ಹಾಗೆ ನೋಡಿದರೆ ‘ಬಂಡವಾಳ’ ಮೊದಲ ತಿಂಗಳಿಗೇ ಸಲ್ಲುತ್ತದೆ, ಆದರೆ ಮೊದಲ ಪುಟದಿಂದ ಬೇಡ. 1867ರಲ್ಲಿ ಪ್ರಕಟವಾದ ಮೊದಲ ಸಂಪುಟದ ಆರಂಭದಲ್ಲಿರುವ ಸರಕಿನ ವಿಶ್ಲೇಷಣೆ ಹೊಸಬರನ್ನು ದಣಿಸಿಬಿಡುತ್ತದೆ. ಅದನ್ನು ಬದಿಗಿಟ್ಟು, ಮಾಡಿದ ಕೆಲಸದ ಅಳತೆಯ ಮೇಲೆ ಕೊಡುವ ಕೂಲಿಯ ಕುರಿತ ಅಧ್ಯಾಯವನ್ನು ಕಾಫಿ ಕೊಯ್ಲಿನ ಕಾಲದಲ್ಲಿ ಗಟ್ಟಿಯಾಗಿ ಓದಿಸಿ. ಚಿಕ್ಕದು, ಒಂದೇ ಸಭೆಯಲ್ಲಿ ಮುಗಿಯುತ್ತದೆ. ನಮ್ಮಲ್ಲಿ ಅದನ್ನು ಓದಿದ ದಿನ ತೋಟವೊಂದರ ರೈಟರ್, ಅಂದರೆ ಲೆಕ್ಕ ಬರೆಯುವವರು, ತಮ್ಮ ತೂಕದ ಪುಸ್ತಕವನ್ನು ಮುಂದಿಟ್ಟು, ಹಣ್ಣು ವಿರಳವಾಗಿರುವಾಗ ದಿನಗೂಲಿ, ಗಿಡ ತುಂಬ ಹಣ್ಣಾದಾಗ ಕೆಜಿ ಲೆಕ್ಕ ಎಂಬ ತಮ್ಮ ತೋಟದ ಕ್ರಮವನ್ನು ವಿವರಿಸಿದರು. ಒಬ್ಬ ಹೆಂಗಸಿನ ಹೆಸರಿನ ಮುಂದಿದ್ದ ತೂಕದಲ್ಲಿ ಆಕೆಯ ಗಂಡನೂ ಅತ್ತೆಯೂ ಕೊಯ್ದದ್ದು ಸೇರಿದೆಯೆಂದೂ ತೋರಿಸಿದರು. ಇಂಥ ಕೂಲಿಯಲ್ಲಿ ಮೇಲ್ವಿಚಾರಣೆ ಬಹುಮಟ್ಟಿಗೆ ಬೇಕಾಗುವುದಿಲ್ಲ, ದುಡಿಯುವವರೇ ದುಡಿಮೆಯ ಹೊತ್ತನ್ನು ಹಿಗ್ಗಿಸಿಕೊಳ್ಳುತ್ತಾರೆ, ನಡುವೆ ಮಧ್ಯವರ್ತಿ ಸೇರಿಕೊಳ್ಳುತ್ತಾನೆ ಎಂದು ಮಾರ್ಕ್ಸ್ ಬರೆದದ್ದನ್ನು, ತೋಟಕ್ಕೆ ಆಳುಗಳನ್ನು ಒದಗಿಸುವ ಮೇಸ್ತ್ರಿಗಳನ್ನು ಕಂಡವರಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಅಂಬೇಡ್ಕರರ ‘ಜಾತಿ ವಿನಾಶ’ವನ್ನು ಮುಂದೂಡಬೇಡಿ. ಎಡಪಂಥೀಯರ ಪಟ್ಟಿಗಳಲ್ಲಿ ಅದನ್ನು ಕೊನೆಗೆ, ಅನುಬಂಧವೆಂಬಂತೆ ಸೇರಿಸುವ ಚಾಳಿ ನನಗೆ ಹಿಡಿಸುವುದಿಲ್ಲ. 1936ರಲ್ಲಿ ಲಾಹೋರಿನ ಜಾತಿವಿರೋಧಿ ಸಂಘಟನೆಯಾದ ಜಾತ್-ಪಾತ್ ತೋಡಕ್ ಮಂಡಲದ ಸಮ್ಮೇಳನಕ್ಕೆ ಸಿದ್ಧಪಡಿಸಿದ, ಆಹ್ವಾನಿಸಿದವರೇ ಸಮ್ಮೇಳನವನ್ನು ಕೈಬಿಟ್ಟಿದ್ದರಿಂದ ಅಂಬೇಡ್ಕರರು ತಾವೇ ಅಚ್ಚು ಹಾಕಿಸಿದ ಈ ಭಾಷಣದಲ್ಲಿ ಸಮಾಜವಾದಿಗಳನ್ನೇ ನೇರವಾಗಿ ಎದುರಿಸುವ ಭಾಗವಿದೆ. ಆರ್ಥಿಕ ಸುಧಾರಣೆಯೊಂದಾದರೆ ಮಿಕ್ಕದ್ದೆಲ್ಲ ತಾನಾಗಿ ಸರಿಹೋದೀತೆಂಬ ನಂಬಿಕೆಯನ್ನು ಅವರು ಅಲ್ಲಿ ಪ್ರಶ್ನಿಸುತ್ತಾರೆ. ಜಾತಿಯು ಶ್ರಮಿಕರನ್ನೇ ವಿಭಜಿಸುತ್ತದೆ ಎನ್ನುತ್ತಾರೆ. ಆದಿವಾಸಿಗಳಾದ ಯರವರು, ಜೇನು ಕುರುಬರು, ತಮಿಳು ಮೂಲದವರು, ಈಚೆಗೆ ಅಸ್ಸಾಮಿನಿಂದ ಬಂದವರು ದುಡಿಯುವ ಈ ಜಿಲ್ಲೆಯಲ್ಲಿ ಆ ಮಾತಿಗೆ ಎರಡು ಸಭೆ ಮೀಸಲಿಟ್ಟರೂ ಹೆಚ್ಚೇನಲ್ಲ.

ಮಾರ್ಕ್ಸ್ ಮತ್ತು ಎಂಗೆಲ್ಸರ 1848ರ ‘ಕಮ್ಯುನಿಸ್ಟ್ ಪ್ರಣಾಳಿಕೆ’ಯನ್ನು ಹೇಗೂ ಓದುತ್ತೀರಿ. ಅದರ ಮೂರನೆಯ ಭಾಗವನ್ನು ಸದ್ಯಕ್ಕೆ ಬಿಡಬಹುದು. ಅಲ್ಲಿನ ಸಮಾಜವಾದಿ ಸಾಹಿತ್ಯದ ವಿಮರ್ಶೆ 1847ಕ್ಕೇ ನಿಂತುಹೋಗಿದೆಯೆಂದು ಲೇಖಕರೇ 1872ರ ಮುನ್ನುಡಿಯಲ್ಲಿ ಒಪ್ಪಿಕೊಂಡಿದ್ದಾರೆ.

ಕಾದಂಬರಿಯೊಂದು ಇರಲಿ. ನಿರಂಜನರ ‘ಚಿರಸ್ಮರಣೆ’ಯು ನೆರೆಯ ಕಾಸರಗೋಡಿನ ಕಯ್ಯೂರಿನ ರೈತ ಹೋರಾಟವನ್ನು, 1943ರಲ್ಲಿ ನಾಲ್ವರು ಗಲ್ಲಿಗೇರಿದ ಆ ಪ್ರಕರಣವನ್ನು ಆಧರಿಸಿದೆ. 1837ರ ಬಂಡಾಯದ ಕುರಿತ ಅವರದೇ ‘ಕಲ್ಯಾಣಸ್ವಾಮಿ’ ನಮ್ಮ ನೆಲಕ್ಕೆ ಇನ್ನೂ ಹತ್ತಿರವಾದರೂ ರೈತ ಸಂಘಟನೆಯ ಚರ್ಚೆಗೆ ಮೊದಲನೆಯದೇ ವಾಸಿ.

ಪುಸ್ತಕವಲ್ಲದ್ದೂ ಪಟ್ಟಿಯಲ್ಲಿರಬೇಕು. ಭೂಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯು ಉಳುವವನಿಗೆ ಭೂಮಿ ಕೊಟ್ಟಿತೆಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅದೇ ಕಾಯ್ದೆ ಕಾಫಿ, ಏಲಕ್ಕಿ, ಮೆಣಸು, ರಬ್ಬರ್ ಮತ್ತು ಚಹಾ ತೋಟಗಳಿಗೆ ವಿನಾಯಿತಿ ಕೊಟ್ಟದ್ದನ್ನು ಕೊಡಗಿನವರು ಮೂಲಪಾಠದಲ್ಲೇ ನೋಡಬೇಕು. ಅದರ ಜೊತೆಗೆ ಅರಣ್ಯವಾಸಿಗಳ ನೆಲದ ಹಕ್ಕನ್ನು ಮನ್ನಿಸುವ 2006ರ ಅರಣ್ಯ ಹಕ್ಕು ಕಾಯ್ದೆಯನ್ನೂ ಇಟ್ಟುಕೊಂಡು ಓದಿದರೆ, 2016ರ ಡಿಸೆಂಬರಿನಲ್ಲಿ ನಮ್ಮ ಜಿಲ್ಲೆಯ ದಿಡ್ಡಳ್ಳಿಯ ಆದಿವಾಸಿಗಳ ಗುಡಿಸಲುಗಳನ್ನು ಕೆಡವಿದಾಗ ಎದ್ದ ಪ್ರಶ್ನೆ, ಅಂದರೆ ತೋಟದ ಮಾಲೀಕರು ಆಳುಗಳಿಗೆ ಕೊಡುವ ಲೈನ್ ಮನೆಗಳನ್ನು ಬಿಟ್ಟು ಬಂದವರಿಗೆ ನೆಲವೆಲ್ಲಿ ಎಂಬುದು, ಎಲ್ಲಿಂದ ಹುಟ್ಟಿತೆಂದು ತಿಳಿಯುತ್ತದೆ.

ಕನ್ನಡದಲ್ಲಿ ಸಿಗದ ಪುಸ್ತಕವನ್ನು ಮೊದಲ ವರ್ಷ ಮುಟ್ಟಬೇಡಿ. ಮುಟ್ಟಿದರೆ ಇಂಗ್ಲಿಷ್ ಬಲ್ಲ ಇಬ್ಬರು ಉಪನ್ಯಾಸಕರಾಗಿ, ಮಿಕ್ಕವರು ಸುಮ್ಮನೆ ತಲೆಯಾಡಿಸುವವರಾಗುತ್ತಾರೆ. ಲೆನಿನ್‌ನ ‘ಏನು ಮಾಡಬೇಕು?’ ಬೇಕೇಬೇಕೆಂದು ಯಾರಾದರೂ ಹಠ ಹಿಡಿಯುತ್ತಾರೆ; 1902ರ ಆ ಕೃತಿ ರಷ್ಯದಲ್ಲಿ ಪಕ್ಷ ಕಟ್ಟುವ ಬಗೆಯ ಕುರಿತ ಜಗಳದಲ್ಲಿ ಹುಟ್ಟಿದ್ದು, ಆ ಜಗಳದ ಹಿನ್ನೆಲೆ ಗೊತ್ತಿಲ್ಲದವರಿಗೆ ಅರ್ಧ ಪುಸ್ತಕ ಮುಚ್ಚಿದಂತೆಯೇ. ಹಠ ಹಿಡಿದವರಿಗೆ ಲೆನಿನ್‌ನದೇ 1917ರ ‘ಪ್ರಭುತ್ವ ಮತ್ತು ಕ್ರಾಂತಿ’ಯ ಮೊದಲ ಅಧ್ಯಾಯವನ್ನು ಕೊಟ್ಟು, ಸಭೆಗೆ ಅವರೇ ಪರಿಚಯಿಸಲಿ ಎಂದುಬಿಡಿ.