ತಗ್ಗಿದ ಶ್ರುತಿ, ಹಳೆಯ ಥೋರೆನ್ಸ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಾನ್ಯರೇ, ನನ್ನ ಸೋದರಮಾವ 1970ರ ದಶಕದಲ್ಲಿ ಅಮೆರಿಕದಲ್ಲಿದ್ದಾಗ ಕೊಂಡಿದ್ದ, ರೆಕಾರ್ಡು ನುಡಿಸುವ ಥೋರೆನ್ಸ್ ಟಿಡಿ 160 ಟರ್ನ್‌ಟೇಬಲ್ ಈಗ ನಮ್ಮ ಮನೆಗೆ ಬಂದಿದೆ. ಅದು 110 ವೋಲ್ಟಿನ ಯಂತ್ರವಾದ್ದರಿಂದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಮೂಲಕ ಜೋಡಿಸಿ, ಹೊಸ ಬೆಲ್ಟನ್ನೂ ಹಾಕಿದ್ದೇನೆ. ತಟ್ಟೆ ತಿರುಗುತ್ತದೆ, ಆದರೆ ಹಾಡು ಎಳೆದಂತಾಗಿ, ಗಾಯಕಿಯ ಕಂಠ ಗಂಡುದನಿಯಂತೆ ಕೇಳಿಸುತ್ತದೆ. ಮೋಟರ್ ಸವೆದಿದೆ, ಬದಲಿಸಬೇಕು ಎಂದು ರಿಪೇರಿಯವರು ಹೇಳುತ್ತಾರೆ. ಹೇಗೂ ಬಿಚ್ಚುವುದಾದರೆ ಮುಳ್ಳನ್ನು ಹಿಡಿಯುವ ಒಳ್ಳೆಯ ಟೋನ್‌ಆರ್ಮನ್ನೇ ಹಾಕಿಸಿಬಿಡಿ ಎಂದು ಸ್ನೇಹಿತರ ಸಲಹೆ. ಎಲ್ಲಿಂದ ಆರಂಭಿಸಲಿ?
— ಓದುಗರೊಬ್ಬರು, ಮೈಸೂರು

ಉತ್ತರ: ದಯವಿಟ್ಟು ಮೋಟರನ್ನು ಬದಲಿಸಬೇಡಿ. ನೀವು ಹೇಳಿದ ಲಕ್ಷಣವನ್ನು ನೋಡಿದರೆ ಅದು ಸವೆದಿಲ್ಲ, ತನಗೆ ಸಿಕ್ಕ ವಿದ್ಯುತ್ತಿಗೆ ತಕ್ಕಂತೆ ಸರಿಯಾಗಿಯೇ ತಿರುಗುತ್ತಿದೆ. ಟಿಡಿ 160ರಲ್ಲಿರುವುದು 16 ಧ್ರುವಗಳ ಸಿಂಕ್ರೊನಸ್ ಮೋಟರ್. ಅದರ ವೇಗವನ್ನು ನಿರ್ಧರಿಸುವುದು ವೋಲ್ಟೇಜಲ್ಲ, ವಿದ್ಯುತ್ತಿನ ಆವರ್ತನ. ಅಮೆರಿಕದ 60 ಹರ್ಟ್ಸ್ ವಿದ್ಯುತ್ತಿನಲ್ಲಿ ಅದು ನಿಮಿಷಕ್ಕೆ 450 ಸುತ್ತು ತಿರುಗಿದರೆ ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ 375 ಸುತ್ತು ಮಾತ್ರ ತಿರುಗುತ್ತದೆ. ಟ್ರಾನ್ಸ್‌ಫಾರ್ಮರ್ 230 ವೋಲ್ಟನ್ನು 110ಕ್ಕೆ ಇಳಿಸುತ್ತದೆಯೇ ಹೊರತು 50 ಹರ್ಟ್ಸನ್ನು 60 ಮಾಡುವುದಿಲ್ಲ. ಹೀಗಾಗಿ ನಿಮಿಷಕ್ಕೆ ಮೂವತ್ತಮೂರೂ ಮೂರನೇ ಒಂದು ಸುತ್ತು ತಿರುಗಬೇಕಾದ ತಟ್ಟೆ ಸುಮಾರು 27.8 ಸುತ್ತಿಗೆ ನಿಂತಿದೆ. 20 ನಿಮಿಷದಲ್ಲಿ ಮುಗಿಯಬೇಕಾದ ಒಂದು ಬದಿ 24 ನಿಮಿಷ ಓಡುತ್ತಿರಬೇಕು. ಗಡಿಯಾರ ಹಿಡಿದು ನೋಡಿದರೆ ನಿಮಗೇ ಖಚಿತವಾಗುತ್ತದೆ. ಸಂಗೀತದ ಮಾತಿನಲ್ಲಿ ಹೇಳುವುದಾದರೆ ಇದು ಆರಕ್ಕೆ ಐದರ ಅನುಪಾತ, ಅಂದರೆ ಷಡ್ಜಕ್ಕೂ ಸಾಧಾರಣ ಗಾಂಧಾರಕ್ಕೂ ಇರುವ ಅಂತರ. ಐದು ಮನೆ ಶ್ರುತಿಯಲ್ಲಿ ಹಾಡಿದ ಗಾಯಕಿ ನಿಮ್ಮ ಮನೆಯಲ್ಲಿ ಮೂರು ಮನೆಗೆ ಇಳಿದಿದ್ದಾರೆ. ಕಂಠ ಗಡಸಾಗಿ ಕೇಳುವುದಕ್ಕೆ ಇಷ್ಟೇ ಕಾರಣ.

ಇದಕ್ಕೆ ಎರಡು ಪರಿಹಾರಗಳಿವೆ. ಮೋಟರಿನ ತುದಿಯಲ್ಲಿರುವ ಪುಲ್ಲಿಯನ್ನು 50 ಹರ್ಟ್ಸಿಗಾಗಿ ಮಾಡಿದ, ಅಂದರೆ ಸುಮಾರು ಶೇಕಡ 20ರಷ್ಟು ಹೆಚ್ಚು ವ್ಯಾಸವುಳ್ಳ ಪುಲ್ಲಿಗೆ ಬದಲಿಸುವುದು ಒಂದು; ಮನೆಯ ವಿದ್ಯುತ್ತಿನಿಂದ 60 ಹರ್ಟ್ಸ್ ತಯಾರಿಸಿಕೊಡುವ ಎಲೆಕ್ಟ್ರಾನಿಕ್ ಪೂರೈಕೆ ಪೆಟ್ಟಿಗೆಯನ್ನು ಜೋಡಿಸುವುದು ಇನ್ನೊಂದು. ಪುಲ್ಲಿ ಬದಲಿಸುವ ದಾರಿಯೇ ಸರಳ ಮತ್ತು ಅಗ್ಗ ಎಂಬುದು ನನ್ನ ಅಭಿಪ್ರಾಯ. ಹೊಸ ಪುಲ್ಲಿ ಹಾಕಿದ ಮೇಲೂ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇರಲಿ; ಮೋಟರಿನ ಸುರುಳಿಗಳನ್ನು 230 ವೋಲ್ಟಿಗೆ ಮರುಜೋಡಿಸಬಹುದೇ ಎಂಬುದನ್ನು ತಿಳಿದವರು ಪರೀಕ್ಷಿಸಿ ಹೇಳುವವರೆಗೆ ಅದನ್ನು ತೆಗೆಯಬಾರದು.

ಇರುವ ಪುಲ್ಲಿಗೇ ಟೇಪು ಸುತ್ತಿ ದಪ್ಪ ಮಾಡುವ ಕ್ರಮವೊಂದಿದೆ. ನನ್ನ ಬಳಿಗೆ ಬಂದ ಒಂದು ಯಂತ್ರದಲ್ಲಿ ಹಾಗೆ ಮಾಡಿದ್ದರು. ವೇಗ ಸರಾಸರಿಯಲ್ಲಿ ಸರಿಯಾಗಿಯೇ ಇತ್ತು. ಆದರೆ ಟೇಪಿನ ಅಂಚು ಬೆಲ್ಟಿನ ಕೆಳಗೆ ಹಾಯುವಾಗಲೆಲ್ಲ, ಅಂದರೆ ಸೆಕೆಂಡಿಗೆ ಆರು ಸಲಕ್ಕಿಂತ ಹೆಚ್ಚು, ತಟ್ಟೆ ಸೂಕ್ಷ್ಮವಾಗಿ ಜಗ್ಗುತ್ತಿತ್ತು. ಗಾಯನ ನಡೆಯುವಾಗ ಅದು ಗೊತ್ತಾಗುತ್ತಿರಲಿಲ್ಲ. ಆಲಾಪನೆಯ ನಡುವೆ ಗಾಯಕರು ಉಸಿರು ತೆಗೆದುಕೊಂಡು ತಂಬೂರಿ ಮಾತ್ರ ಉಳಿದಾಗ, ನಿಶ್ಚಲವಾಗಿರಬೇಕಾದ ಶ್ರುತಿ ನಡುಗುವುದು ಸ್ಪಷ್ಟವಾಗಿ ಕೇಳುತ್ತಿತ್ತು. ವೇಗದ ಸ್ಥಿರತೆಯನ್ನು ಅಳೆಯಲು ತಂಬೂರಿಗಿಂತ, ಅಥವಾ ವೀಣೆಯ ಒಂದು ದೀರ್ಘ ಮೀಟಿಗಿಂತ, ಒಳ್ಳೆಯ ಸಾಧನ ನಮ್ಮ ಮನೆಗಳಲ್ಲಿ ಇನ್ನೊಂದಿಲ್ಲ.

ವೇಗ ಸರಿಯಿದೆಯೇ ಎಂದು ಕಣ್ಣಿನಿಂದ ನೋಡಲು ಗೆರೆ ಮುದ್ರಿಸಿದ ಸ್ಟ್ರೋಬ್ ತಟ್ಟೆಯನ್ನು ಬಳಸುತ್ತಾರೆ; ವೇಗ ಸರಿಯಿದ್ದರೆ ವಿದ್ಯುತ್ತಿನೊಂದಿಗೆ ಮಿನುಗುವ ದೀಪದ ಬೆಳಕಿನಲ್ಲಿ ಆ ಗೆರೆಗಳು ನಿಂತಂತೆ ಕಾಣುತ್ತವೆ. ಭಾರತದಲ್ಲಿ 180 ಗೆರೆಗಳಿರುವ ತಟ್ಟೆಯೇ ಬೇಕು. ಅಮೆರಿಕದವರಿಗಾಗಿ ಮುದ್ರಿಸಿದ 216 ಗೆರೆಗಳದ್ದು ಇಲ್ಲಿ ತಪ್ಪು ತೋರಿಸುತ್ತದೆ. ಈಗಿನ ಅನೇಕ ಎಲ್‌ಇಡಿ ದೀಪಗಳು ವಿದ್ಯುತ್ತಿನೊಂದಿಗೆ ಮಿನುಗುವುದಿಲ್ಲವಾದ್ದರಿಂದ ಅವುಗಳ ಬೆಳಕಿನಲ್ಲಿ ಗೆರೆಗಳು ನಿಂತಂತೆ ಕಾಣುವುದೇ ಇಲ್ಲ. ಹಳೆಯ ತಂತಿಯ ಬಲ್ಬು ಅಥವಾ ನಿಯಾನ್ ಇಂಡಿಕೇಟರ್ ದೀಪ ಹಿಡಿದು ನೋಡಿ.

ಇನ್ನು ಬೇರಿಂಗ್. ಹೊರತಟ್ಟೆಯನ್ನೂ ಬೆಲ್ಟನ್ನೂ ತೆಗೆದರೆ ಒಳಗೆ ಚಿಕ್ಕದೊಂದು ತಟ್ಟೆ ಇರುತ್ತದೆ. ಅದನ್ನು ನೇರವಾಗಿ ಮೇಲಕ್ಕೆ ಎತ್ತಿದರೆ ಉಕ್ಕಿನ ದಂಡ ಹೊರಬರುತ್ತದೆ. ವರ್ಷಗಟ್ಟಲೆ ಮುಟ್ಟದ ಯಂತ್ರದಲ್ಲಿ ಆ ದಂಡಕ್ಕೆ ಹತ್ತಿದ ಎಣ್ಣೆ ಕಾಡಿಗೆಯಂತೆ ಕಪ್ಪಾಗಿ, ಬೆರಳಿಗೆ ಅಂಟುತ್ತದೆ. ದಂಡವನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯಿಂದ ಒರೆಸಿ. ಬಿದಿರುಕಡ್ಡಿಗೆ ಅದೇ ಬಟ್ಟೆ ಸುತ್ತಿ ಕುಳಿಯ ಒಳಭಾಗವನ್ನು, ಬಟ್ಟೆ ಬೆಳ್ಳಗೆ ಹೊರಬರುವವರೆಗೆ, ತಿರುವಿ ತಿರುವಿ ಶುಚಿಮಾಡಿ. ಪೂರ್ತಿ ಒಣಗಿದ ಮೇಲೆ ಡಿಟರ್ಜೆಂಟ್ ಬೆರೆಸದ ತೆಳುವಾದ ಖನಿಜ ತೈಲವನ್ನು ಕೆಲವೇ ಹನಿ ಬಿಡಿ. ಕೊಬ್ಬರಿ ಎಣ್ಣೆಯನ್ನು ಖಂಡಿತ ಹಾಕಬೇಡಿ: ಮಾರ್ಗಶಿರದ ಚಳಿಗೆ ಮೈಸೂರಿನಲ್ಲಿ ಬಾಟಲಿಯಲ್ಲೇ ಗಟ್ಟಿಯಾಗುವ ಎಣ್ಣೆ ಬೇರಿಂಗಿನಲ್ಲಿಯೂ ಗಟ್ಟಿಯಾಗುತ್ತದೆ, ಕಾಲಕ್ರಮದಲ್ಲಿ ಜಿಗುಟಾಗುತ್ತದೆ. ಗ್ರೀಸೂ ಬೇಡ. ಬಳಿಕ ದಂಡವನ್ನು ಕುಳಿಗೆ ಇಟ್ಟು ಕೈ ಬಿಡಿ, ಒತ್ತಬೇಡಿ. ಬೇರಿಂಗ್ ಸವೆಯದೆ ಉಳಿದಿದ್ದರೆ ಒಳತಟ್ಟೆ ಧಡಕ್ಕನೆ ಬೀಳುವುದಿಲ್ಲ. ಒಳಗಿನ ಗಾಳಿಯನ್ನೂ ಎಣ್ಣೆಯನ್ನೂ ಪಕ್ಕಕ್ಕೆ ಸರಿಸುತ್ತ, ನೋಡುತ್ತ ನಿಂತವರ ತಾಳ್ಮೆ ಪರೀಕ್ಷಿಸುವಷ್ಟು ನಿಧಾನವಾಗಿ ಇಳಿದು ಕುಳಿತುಕೊಳ್ಳುತ್ತದೆ. ಐವತ್ತು ವರ್ಷ ಹಳೆಯ ಯಂತ್ರವೊಂದು ಹೀಗೆ ಇಳಿಯುವುದನ್ನು ನೋಡಿದಾಗ ಅದನ್ನು ಮಾಡಿದವರ ಕೈಗೆ ನಮಸ್ಕರಿಸಬೇಕೆನಿಸುತ್ತದೆ.

ತಟ್ಟೆ, ಬೇರಿಂಗ್ ಮತ್ತು ಆರ್ಮು ಮೂರೂ ಒಂದೇ ಚೌಕಟ್ಟಿನ ಮೇಲೆ ಕುಳಿತು, ಆ ಚೌಕಟ್ಟು ಮೂರು ಸ್ಪ್ರಿಂಗುಗಳ ಮೇಲೆ ತೇಲುತ್ತದೆ. ಎಡ್ಗರ್ ವಿಲ್ಚರ್ 1961ರಲ್ಲಿ ಅಮೆರಿಕದ ಎಆರ್ ಟರ್ನ್‌ಟೇಬಲ್ಲಿನಲ್ಲಿ ತಂದ ಈ ವಿನ್ಯಾಸವನ್ನು ಥೋರೆನ್ಸ್ ಮೊದಲು ಟಿಡಿ 150ರಲ್ಲಿ, 1972ರ ಹೊತ್ತಿಗೆ ನಿಮ್ಮ ಟಿಡಿ 160ರಲ್ಲಿ ಅಳವಡಿಸಿಕೊಂಡಿತು. ಮೋಟರ್ ಮಾತ್ರ ಹೊರಗಿನ ಚೌಕಟ್ಟಿಗೆ ಬಿಗಿದಿರುವುದರಿಂದ ಅದರ ಕಂಪನ ಮುಳ್ಳನ್ನು ತಲುಪುವುದಿಲ್ಲ. ಸಾಗಣೆಗಾಗಿ ಬಿಗಿದ ಸ್ಕ್ರೂಗಳು ಹಾಗೆಯೇ ಉಳಿದಿದ್ದರೆ ಈ ಏರ್ಪಾಡೆಲ್ಲ ವ್ಯರ್ಥವಾಗುತ್ತದೆ. ಮೊದಲು ಅವನ್ನು ಸಡಿಲಿಸಿ. ನಂತರ ತಟ್ಟೆಯನ್ನು ನಡುವಿನಲ್ಲಿ ಮೆಲ್ಲನೆ ಒತ್ತಿ ಬಿಟ್ಟರೆ ಅದು ಅತ್ತಿತ್ತ ಓಲಾಡದೆ ನೇರವಾಗಿ ಮೇಲೆ ಕೆಳಗೆ ಆಡಬೇಕು. ಹಾಗಾಗುವವರೆಗೆ ಮೂರು ಸ್ಪ್ರಿಂಗುಗಳನ್ನು ಒಂದೊಂದಾಗಿ ಹೊಂದಿಸುವುದು ಒಂದು ಮಧ್ಯಾಹ್ನದ ಕೆಲಸ, ಅವಸರಿಸಬೇಡಿ.

ವಿದ್ಯುತ್ ಭಾಗದಲ್ಲಿ ಒಂದೇ ಎಚ್ಚರಿಕೆ. ಸ್ವಿಚ್ಚು ಹಾಕಿ ತೆಗೆಯುವಾಗ ಸ್ಪೀಕರಿನಲ್ಲಿ ಢಬ್ ಎಂದರೆ ಸ್ವಿಚ್ಚಿಗೆ ಅಡ್ಡಲಾಗಿ ಕೂಡಿಸಿದ ಹಳೆಯ ಕೆಪ್ಯಾಸಿಟರ್ ಕೆಟ್ಟಿರುವ ಸಾಧ್ಯತೆಯಿದೆ. ಅದರ ಜಾಗಕ್ಕೆ ಎಕ್ಸ್2 ದರ್ಜೆಯದನ್ನೇ ಹಾಕಿಸಬೇಕು, ಸಾಮಾನ್ಯ ಕೆಪ್ಯಾಸಿಟರ್ ಅಪಾಯಕಾರಿ.

ಟೋನ್‌ಆರ್ಮ್ ವಿಷಯದಲ್ಲಿ ನಿಮ್ಮ ಸ್ನೇಹಿತರ ಮಾತನ್ನು ನಾನು ಒಪ್ಪಲಾರೆ. ಈ ಮಾದರಿಯಲ್ಲಿ ಆರ್ಮಿನ ಹಲಗೆಯನ್ನು ಸುಲಭವಾಗಿ ಬದಲಿಸಬಹುದಾದ್ದರಿಂದ ಮುಂದೆ ಯಾವಾಗ ಬೇಕಾದರೂ ಬೇರೆ ಆರ್ಮು ಹಾಕಿಸಬಹುದು. ಆದರೆ ಯಂತ್ರವನ್ನು ಅದನ್ನು ಕಟ್ಟಿದವರ ಇಷ್ಟದಂತೆ ಒಮ್ಮೆಯಾದರೂ ಕೇಳದೆ ಬದಲಾವಣೆಗೆ ಕೈಹಾಕಿದರೆ, ಹೊಸ ಭಾಗದಿಂದ ಬಂದ ಲಾಭ ಯಾವುದು, ಕೇವಲ ಶುಚಿಗೊಳಿಸಿದ್ದರಿಂದ ಬಂದ ಲಾಭ ಯಾವುದು ಎಂದು ತಿಳಿಯುವುದೇ ಇಲ್ಲ. ಮೊದಲ ಹಣ ಹೊಸ ಮುಳ್ಳಿಗೆ ಅಥವಾ ಮುಳ್ಳಿನ ಕಂಪನವನ್ನು ವಿದ್ಯುತ್ತಾಗಿಸುವ ಕಾರ್ಟ್ರಿಜ್ಜಿಗೆ ಸಲ್ಲಲಿ. ಮೂಲ ಟಿಪಿ 16 ಆರ್ಮಿನ ಪರಿಣಾಮಕಾರಿ ತೂಕ 16.5 ಗ್ರಾಂ, ಅಂದರೆ ಸ್ವಲ್ಪ ಭಾರ. ಇಂಥ ಆರ್ಮಿಗೆ ಮುಳ್ಳಿನ ಕಡ್ಡಿ ತೀರ ಮೆದುವಾಗಿರುವ ಕಾರ್ಟ್ರಿಜ್ ಒಗ್ಗುವುದಿಲ್ಲ. ಆರ್ಮು ಮತ್ತು ಕಾರ್ಟ್ರಿಜ್ ಕೂಡಿ ಅನುರಣಿಸುವ ಆವರ್ತನ 8ರಿಂದ 12 ಹರ್ಟ್ಸ್ ನಡುವೆ ಇರಬೇಕು. 6.5 ಗ್ರಾಂ ತೂಕದ, ಕಂಪ್ಲಯನ್ಸ್ (ಮುಳ್ಳಿನ ಕಡ್ಡಿಯ ಮೆದುತನದ ಅಳತೆ) 10 ಇರುವ ಕಾರ್ಟ್ರಿಜ್ ಹಾಕಿದರೆ ಅದು ಸುಮಾರು 10.5 ಹರ್ಟ್ಸ್ ಆಗುತ್ತದೆ. ಕಂಪ್ಲಯನ್ಸ್ 25 ಇದ್ದರೆ 6.6ಕ್ಕೆ ಇಳಿದು, ರೆಕಾರ್ಡಿನ ಸೊಟ್ಟಕ್ಕೂ ನೆಲದ ಮೇಲಿನ ಹೆಜ್ಜೆಗೂ ಆರ್ಮು ತೊನೆಯತೊಡಗುತ್ತದೆ. ಮುಳ್ಳು ರೆಕಾರ್ಡಿನ ಮೇಲೆ ಹೇರುವ ಭಾರವನ್ನು ತಯಾರಕರು ಹೇಳಿದ ಮಿತಿಗಿಂತ ಕಡಿಮೆ ಇಡಬೇಡಿ. ಹಗುರವಾದ ಮುಳ್ಳು ಗಾಡಿಯಲ್ಲಿ ಎತ್ತಿಹಾಕಿದಂತೆ ಕುಪ್ಪಳಿಸಿ ರೆಕಾರ್ಡಿನಲ್ಲಿ ಹಾಡು ಕೊರೆದಿರುವ ಗೀರಿನ ಗೋಡೆಯನ್ನು ಕೆಡಿಸುತ್ತದೆ. ಬಿಚ್ಚಿದ ಪುಲ್ಲಿಯೂ ಸೇರಿದಂತೆ ಮೂಲ ಭಾಗಗಳನ್ನೆಲ್ಲ ಒಂದು ಡಬ್ಬಿಯಲ್ಲಿ ಹೆಸರು ಬರೆದು ಕಾಪಾಡಿ.

ಪ್ರಶ್ನೆ: ದುರಸ್ತಿಯಾದ ಟರ್ನ್‌ಟೇಬಲ್ಲನ್ನು ಹೊಸ ಆಂಪ್ಲಿಫೈಯರಿನ ಆಕ್ಸ್ ತೂತಿಗೆ ಜೋಡಿಸಿದರೆ ದನಿ ಬಹಳ ಸಣ್ಣದಾಗಿ, ಮೃದಂಗದ ಎಡಭಾಗವೇ ಇಲ್ಲದಂತೆ ಕೇಳುತ್ತದೆ. ಏಕೆ?
— ಓದುಗರೊಬ್ಬರು, ಧಾರವಾಡ

ಉತ್ತರ: ನಿಮ್ಮ ಟರ್ನ್‌ಟೇಬಲ್ಲಿಗೂ ಆಂಪ್ಲಿಫೈಯರಿಗೂ ನಡುವೆ ಫೋನೋ ಪ್ರೀಆಂಪ್ ಬೇಕು. ಮ್ಯಾಗ್ನೆಟಿಕ್ ಕಾರ್ಟ್ರಿಜ್ ಕೊಡುವುದು ಕೆಲವೇ ಮಿಲಿವೋಲ್ಟ್. ಅಷ್ಟೇ ಅಲ್ಲ, ಗೀರುಗಳು ಅಗಲವಾಗದಿರಲೆಂದು ರೆಕಾರ್ಡು ಕೊರೆಯುವಾಗಲೇ ಮಂದ್ರ ದನಿಯನ್ನು ತಗ್ಗಿಸಿ, ನುಡಿಸುವಾಗ ಸರಸರ ಸದ್ದು ಅಡಗಲೆಂದು ತಾರ ದನಿಯನ್ನು ಏರಿಸಿರುತ್ತಾರೆ. ಆರ್‌ಐಎಎ ಎಂಬ ಈ ಕ್ರಮದಲ್ಲಿ, 1000 ಹರ್ಟ್ಸಿಗೆ ಹೋಲಿಸಿದರೆ, ನುಡಿಸುವಾಗ 20 ಹರ್ಟ್ಸನ್ನು ಸುಮಾರು 19 ಡೆಸಿಬೆಲ್ ಮೇಲೆತ್ತಬೇಕು. ಆ ಕೆಲಸ ಆಗದಿರುವುದರಿಂದಲೇ ಮೃದಂಗದ ತೊಪ್ಪಿ ಕಾಣೆಯಾಗಿದೆ.

ಪ್ರಶ್ನೆ: ಅಜ್ಜನ ಕಾಲದ ನಾಟಕದ ಹಾಡುಗಳ 78ರ ಪ್ಲೇಟುಗಳಿಗೆ ಮಳೆಗಾಲದಲ್ಲಿ ಬೂಷ್ಟು ಹಿಡಿದಿದೆ. ಸ್ಪಿರಿಟ್ ಹಾಕಿ ಒರೆಸಿ ಟಿಡಿ 160ರಲ್ಲಿ ನುಡಿಸಬಹುದೇ?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಸ್ಪಿರಿಟ್ ಮುಟ್ಟಿಸಲೇಬೇಡಿ. ಆ ಪ್ಲೇಟುಗಳಲ್ಲಿ ಪುಡಿಗಳನ್ನು ಹಿಡಿದಿಟ್ಟಿರುವುದು ಅರಗು, ಮತ್ತು ಅರಗು ಆಲ್ಕೊಹಾಲಿನಲ್ಲಿ ಕರಗುತ್ತದೆ. ಒಂದು ಸಲ ಒರೆಸಿದರೆ ಹಾಡೂ ಬಟ್ಟೆಗೆ ಬರುತ್ತದೆ. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ನೀರಿಗೆ ಸೌಮ್ಯವಾದ ಪಾತ್ರೆ ತೊಳೆಯುವ ದ್ರವ ಒಂದೆರಡು ಹನಿ ಬೆರೆಸಿ, ಲೇಬಲ್ಲಿಗೆ ತಾಗದಂತೆ, ಗೀರುಗಳ ದಿಕ್ಕಿನಲ್ಲಿಯೇ ಮೆತ್ತನೆಯ ಬ್ರಷ್ಷಿನಿಂದ ತೊಳೆಯಿರಿ. ಬರಿಯ ಡಿಸ್ಟಿಲ್ಡ್ ನೀರಿನಿಂದ ಮತ್ತೊಮ್ಮೆ ತೊಳೆದು ಕೂಡಲೇ ಒರೆಸಿ, ನೆರಳಿನಲ್ಲಿ ನಿಲ್ಲಿಸಿ ಒಣಗಿಸಿ.

ಟಿಡಿ 160ರಲ್ಲಿ 33 ಮತ್ತು 45 ಮಾತ್ರ ಇವೆ. 78 ಬೇಕೆಂದರೆ ಸ್ವಿಟ್ಜರ್‌ಲೆಂಡಿನ ಲೆಂಕೊ ಎಲ್75ರಂಥ ಯಂತ್ರವನ್ನು ಹುಡುಕಬೇಕು. ಮುಳ್ಳೂ ಬೇರೆಯೇ ಬೇಕು: ಎಲ್‌ಪಿಯ ದುಂಡು ಮುಳ್ಳಿನ ತುದಿಯ ತ್ರಿಜ್ಯ ಸುಮಾರು 0.018 ಮಿಲಿಮೀಟರ್, 78ರದ್ದು ಸುಮಾರು 0.076. ಸಣ್ಣ ಮುಳ್ಳು ಅಗಲವಾದ ಗೀರಿನ ತಳಕ್ಕೆ ಇಳಿದು ಅಲ್ಲಿನ ದೂಳನ್ನಷ್ಟೇ ನುಡಿಸುತ್ತದೆ. ಆಂಪ್ಲಿಫೈಯರಿನಲ್ಲಿ ಮೋನೋ ಗುಂಡಿ ಇದ್ದರೆ ಅದನ್ನು ಒತ್ತಿಡಿ. ಮುಳ್ಳು ಮೇಲೆ ಕೆಳಗೆ ಆಡುವುದರಿಂದ ಬರುವ ಸರಸರ ಸದ್ದು ಬಹುಪಾಲು ಕಳೆದುಹೋಗಿ, ಹಾಡು ಮುಂದೆ ಬರುತ್ತದೆ.