ಕಣಕಾಲಿನ ನೋವಿಗೆ ವಿಶ್ರಾಂತಿ ಮಾತ್ರ ಸಾಕೇ?

ತೂಕ ಇಳಿಸಲೆಂದು ಊಟ ಕಡಿಮೆ ಮಾಡಿ ಎರಡು ತಿಂಗಳಿಂದ ದಿನವೂ ಓಡುತ್ತಿದ್ದೀರಿ, ಈಗ ಮೊಣಕಾಲಿನ ಕೆಳಗೆ ಕಣಕಾಲಿನ ಮೂಳೆ ನೋಯುತ್ತಿದೆ, ಒಂದು ವಾರದ ವಿಶ್ರಾಂತಿ ಸಾಕೇ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ, ಇದೇ ನೋವಿನಿಂದ ಮೂರು ತಿಂಗಳು ಓಟ ಬಿಟ್ಟು ಕುಳಿತವನು. ನಿಮ್ಮ ಪ್ರಶ್ನೆಯಲ್ಲಿ ನೋವಿಗಿಂತಲೂ ಊಟ ಕಡಿಮೆ ಮಾಡಿದ ಸಂಗತಿಯೇ ನನ್ನನ್ನು ಹೆಚ್ಚು ಕಳವಳಕ್ಕೀಡುಮಾಡಿತು.

ಮೊದಲು ಮೂಳೆಯ ಒಳ ಅಂಚನ್ನು ಬೆರಳ ತುದಿಯಿಂದ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಒತ್ತುತ್ತ ಬನ್ನಿ. ನೋವು ನಾಲ್ಕೈದು ಬೆರಳಗಲಕ್ಕೂ ಮೀರಿ ಹರಡಿದ್ದು, ಓಟದ ಆರಂಭದಲ್ಲಿ ಕಾಡಿ ಮೈ ಬಿಸಿಯಾದಂತೆ ತಗ್ಗುತ್ತಿದ್ದರೆ ಅದು ಬಹುಮಟ್ಟಿಗೆ ಶಿನ್ ಸ್ಪ್ಲಿಂಟ್ಸ್, ಅಂದರೆ ಅತಿ ಓಟದಿಂದ ಕಣಕಾಲಿನ ಮೂಳೆಯ ಅಂಚಿನಲ್ಲಿ ಬರುವ ನೋವು. ನಾಣ್ಯದಷ್ಟು ಜಾಗದಲ್ಲಿ ಮಾತ್ರ ಮುಟ್ಟಿದರೆ ಬೆಚ್ಚುವಂತೆ ನೋವಿದ್ದರೆ, ಅಥವಾ ರಾತ್ರಿ ಮಲಗಿದಾಗಲೂ ಅದು ಬಿಡದಿದ್ದರೆ ಸ್ಟ್ರೆಸ್ ಫ್ರ್ಯಾಕ್ಚರ್, ಅಂದರೆ ಪದೇ ಪದೇ ಬಿದ್ದ ಒತ್ತಡದಿಂದ ಮೂಳೆಯಲ್ಲಿ ಮೂಡುವ ಸಣ್ಣ ಬಿರುಕು ಇರಬಹುದು. ಓಟವನ್ನು ಇಂದೇ ನಿಲ್ಲಿಸಿ ಮೂಳೆ ವೈದ್ಯರನ್ನು ಕಾಣಿರಿ. ಮೊದಲ ಎರಡು ಮೂರು ವಾರ ಈ ಬಿರುಕು ಎಕ್ಸ್‌ರೇಯಲ್ಲಿ ಕಾಣದಿರುವುದುಂಟು. ಎಕ್ಸ್‌ರೇ ಸರಿಯಿದೆಯೆಂದು ನಂಬಿ ನಾನು ಮತ್ತೆ ಓಡಿದೆ; ಅದು ಕಂಡದ್ದು ಎಂಆರ್‌ಐಯಲ್ಲಿ.

ಓಟದ ಪೆಟ್ಟಿನಿಂದ ಸವೆದ ಮೂಳೆಯ ಭಾಗವನ್ನು ದೇಹವು ಮೊದಲು ಕರಗಿಸಿ ತೆಗೆದು, ಅನಂತರ ಅಲ್ಲಿ ಹೊಸ ಮೂಳೆಯನ್ನು ಕಟ್ಟುತ್ತದೆ. ತೆಗೆಯುವ ಕೆಲಸಕ್ಕೆ ಕೆಲವು ವಾರ ಸಾಕು, ಕಟ್ಟುವುದಕ್ಕೆ ತಿಂಗಳುಗಳು ಬೇಕು. ಈ ನಡುವೆ ಆಹಾರ ಸಾಲದೆ ಬಂದರೆ ದೇಹವು ಇದ್ದ ಶಕ್ತಿಯನ್ನು ಪ್ರಾಣಾಧಾರವಾದ ಕೆಲಸಗಳಿಗೆ ಮೀಸಲಿಟ್ಟು, ಹಾರ್ಮೋನುಗಳನ್ನು ತಗ್ಗಿಸಿ, ಮೂಳೆ ಕಟ್ಟುವುದನ್ನು ಮುಂದೂಡುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು 2014ರಲ್ಲಿ ಈ ಸ್ಥಿತಿಯನ್ನು ರೆಡ್-ಎಸ್ (ಕ್ರೀಡೆಯಲ್ಲಿ ದೇಹಕ್ಕೆ ಬೇಕಾದಷ್ಟು ಶಕ್ತಿ ಸಿಗದ ಕೊರತೆ) ಎಂದು ಕರೆದು, ಇದು ಗಂಡಸರನ್ನೂ ಕಾಡುತ್ತದೆಂದು ಸ್ಪಷ್ಟಪಡಿಸಿತು. ಮುಟ್ಟು ತಪ್ಪುವುದು, ಮೇಲಿಂದ ಮೇಲೆ ಪೆಟ್ಟಾಗುವುದು, ಸದಾ ಸುಸ್ತು ಇದರ ಸುಳಿವುಗಳು.

ವ್ಯಾಯಾಮಕ್ಕೆ ಖರ್ಚಾದದ್ದನ್ನು ಕಳೆದ ಮೇಲೆ, ಕೊಬ್ಬನ್ನು ಬಿಟ್ಟ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 45 ಕ್ಯಾಲೊರಿ ಉಳಿಯಬೇಕೆಂಬುದು ಸಾಮಾನ್ಯ ಅಂದಾಜು. 30ಕ್ಕಿಂತ ಕೆಳಗಿಳಿದರೆ ಅಪಾಯ ಹೆಚ್ಚು. ಕೊಬ್ಬು ಕಳೆದರೆ ನನ್ನ ತೂಕ 50 ಕಿಲೋ. ತಿನ್ನುತ್ತಿದ್ದುದು 1,800 ಕ್ಯಾಲೊರಿ, ಓಟಕ್ಕೆ ಹೋಗುತ್ತಿದ್ದುದು 600. ಉಳಿದ 1,200ನ್ನು 50ರಿಂದ ಭಾಗಿಸಿದಾಗ ಬಂದ 24 ಎಂಬ ಸಂಖ್ಯೆಯನ್ನು ನೋಡಿ ನಾನು ಬಹಳ ಹೊತ್ತು ಸುಮ್ಮನೆ ಕುಳಿತೆ. ನೀವೂ ಈ ಲೆಕ್ಕವನ್ನು ದಯವಿಟ್ಟು ಮಾಡಿ ನೋಡಿ.

ಪ್ರೋಟೀನ್ ದಿನಕ್ಕೆ ದೇಹತೂಕದ ಕಿಲೋಗೆ 1.2ರಿಂದ 2 ಗ್ರಾಂವರೆಗೆ ಸಾಕು, ಅದನ್ನು ಎಲ್ಲ ಊಟಗಳಿಗೂ ಹಂಚಿಕೊಳ್ಳಿ. ಒಂದು ಗಂಟೆಗೂ ಮೀರಿದ ಓಟವಾದರೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕಾಗುತ್ತದೆ. ನೋವಿನ ಮಾತ್ರೆ ನುಂಗಿ ಓಡುವುದನ್ನಂತೂ ಮಾಡಲೇಬೇಡಿ, ಏಕೆಂದರೆ ನಿಲ್ಲು ಎಂದು ಹೇಳುವ ಸೂಚನೆಯನ್ನೇ ಅದು ಅಡಗಿಸುತ್ತದೆ.

ನೋವು ಹರಡಿದೆಯೋ ಒಂದೇ ಕಡೆ ಇದೆಯೋ ಎಂಬುದನ್ನು ಒತ್ತಿ ನೋಡಿ ಇಲ್ಲಿಯೇ ತಿಳಿಸಿ. ಅಲ್ಲಿಯವರೆಗೆ ಓಡಬೇಡಿ, ಊಟವನ್ನು ಇಂದಿನಿಂದಲೇ ಮೊದಲಿನಷ್ಟಕ್ಕೆ ತನ್ನಿ.