ಅಜ್ಜಿಯ ವೀಸಾ ಮುಗಿಯಿತು, ಇನ್ನು ಮಗುವನ್ನು ನೋಡಿಕೊಳ್ಳುವವರು ಯಾರು?

ಈ ಸಲ ಬಂದ ಪತ್ರಗಳಲ್ಲಿ ಮೂರು ಜರ್ಮನಿಯ ಕನ್ನಡ ಮನೆಗಳ ವಿಷಯದವು. ಮೂರರಲ್ಲೂ ಎರಡು ವರ್ಷ ತುಂಬದ ಮಗುವಿದೆ, ಹಾಗಾಗಿ ಒಟ್ಟಿಗೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಮ್ಯೂನಿಕ್‌ನಲ್ಲಿದ್ದೇವೆ, ಇಬ್ಬರದೂ ಸಾಫ್ಟ್‌ವೇರ್ ಕೆಲಸ. ಮಗನಿಗೆ 15 ತಿಂಗಳು. ನಮ್ಮವರು ಸೋಮವಾರ ಬೆಳಿಗ್ಗೆ ಕ್ಲೈಂಟ್ ಊರಿಗೆ ಹೋದರೆ ಬರೋದು ಗುರುವಾರ ರಾತ್ರಿ. ಇಷ್ಟು ದಿನ ಶಿವಮೊಗ್ಗದಿಂದ ಬಂದ ನಮ್ಮ ಅತ್ತೆ ಇದ್ದರು. ಅವರ ವೀಸಾದ 90 ದಿನ ಜುಲೈ ಕೊನೆಗೆ ಮುಗಿಯುತ್ತೆ. ಆಗಸ್ಟ್‌ಗೆ ನಾನು ರಜೆ ಹಾಕಿದ್ದೇನೆ. ಸೆಪ್ಟೆಂಬರ್‌ನಿಂದ ಕಿಟಾದಲ್ಲಿ, ಅಂದರೆ ಇಲ್ಲಿನ ಡೇಕೇರ್‌ನಲ್ಲಿ, ಸೀಟು ಸಿಕ್ಕಿದೆ. ಆದರೆ ಅವನ ಒಂದು ಮಾತೂ ಅರ್ಥವಾಗದವರ ಹತ್ತಿರ ಬಿಟ್ಟು ಬರೋದು ಹೇಗೆ ಅಂತ ಯೋಚಿಸಿದರೆ ಹೊಟ್ಟೆ ಕಿವುಚಿದ ಹಾಗಾಗುತ್ತೆ. ಅತ್ತೆ "ಒಂದು ವರ್ಷ ನನ್ನ ಜೊತೆ ಊರಿಗೆ ಕಳಿಸು, ಮಾತು ಬಂದ ಮೇಲೆ ಕರಕೊಂಡು ಬಾ" ಅನ್ನುತ್ತಿದ್ದಾರೆ. ನಮ್ಮವರಿಗೂ ಅದೇ ಸರಿ ಅನಿಸಿದೆ. ಇಲ್ಲದಿದ್ದರೆ ನಾನು ಕೆಲಸ ಬಿಡಬೇಕು. ಏನು ಮಾಡಲಿ?
– ಹೆಸರು ಬೇಡ, ಮ್ಯೂನಿಕ್

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ಮಗುವನ್ನು ಕಳಿಸಬೇಡಿ. ಕೆಲಸವನ್ನೂ ಬಿಡಬೇಡಿ.

ಇದು ಮಕ್ಕಳು ತಮ್ಮವರನ್ನು ಬಿಟ್ಟಿರೋಕೆ ತುಂಬಾ ಹೆದರುವ ವಯಸ್ಸು. ಅಮ್ಮ ಬಚ್ಚಲಿಗೆ ಹೋದರೂ ಬಾಗಿಲ ಹೊರಗೆ ಕೂತು ಅಳುತ್ತವೆ. ಈಗ ಶಿವಮೊಗ್ಗಕ್ಕೆ ಹೋದರೆ ಅವನು ನಿಮ್ಮಿಬ್ಬರನ್ನೂ ಒಂದೇ ದಿನ ಕಳೆದುಕೊಳ್ಳುತ್ತಾನೆ. ಕೆಲವು ತಿಂಗಳಲ್ಲಿ ಅಜ್ಜಿಗೆ ಅಂಟಿಕೊಳ್ಳುತ್ತಾನೆ, ನಿಜ. ಆದರೆ ವರ್ಷ ಕಳೆದ ಮೇಲೆ ಆ ಅಜ್ಜಿಯಿಂದಲೂ ಬಿಡಿಸಿ, ಗುರುತೇ ಮರೆತ ಮನೆಗೆ ಕರೆತರಬೇಕಲ್ವಾ? ಕಿಟಾ ಆಗಲೂ ತಪ್ಪುವುದಿಲ್ಲ. ಈಗ ಕೈಯಲ್ಲಿರುವ ಸೀಟು ಮಾತ್ರ ಹೋಗಿರುತ್ತದೆ. ಒಂದು ವರ್ಷ ತುಂಬಿದ ಪ್ರತಿ ಮಗುವಿಗೂ ಡೇಕೇರ್ ಜಾಗ 2013ರ ಆಗಸ್ಟ್ 1ರಿಂದ ಜರ್ಮನಿಯಲ್ಲಿ ಕಾನೂನಿನ ಹಕ್ಕು. ಹಾಗಿದ್ದೂ ಮ್ಯೂನಿಕ್‌ನಲ್ಲಿ ಸೀಟಿಗೆ ಎಷ್ಟು ಕಾಯಬೇಕು ಅನ್ನುವುದು ಅರ್ಜಿ ಹಾಕಿದ ನಿಮಗೇ ಚೆನ್ನಾಗಿ ಗೊತ್ತು.

ನಿಮ್ಮ ಪತ್ರವನ್ನು ಇನ್ನೊಮ್ಮೆ ಓದಿ ನೋಡಿ. ಮಗು ಊರಿಗೆ ಹೋಗಬಹುದು, ನೀವು ಕೆಲಸ ಬಿಡಬಹುದು, ಅತ್ತೆ ಈ ವಯಸ್ಸಲ್ಲಿ ಮತ್ತೆ ಒಂದು ಕೂಸನ್ನು ಸಾಕಬಹುದು. ಮಗುವಿನ ಅಪ್ಪನ ಸೋಮವಾರದಿಂದ ಗುರುವಾರ ಮಾತ್ರ ಬದಲಾಗುವುದಿಲ್ಲ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ.

ಎಲ್ಟರ್ನ್‌ಝೈಟ್ ಅನ್ನುವ, ಮಗುವನ್ನು ನೋಡಿಕೊಳ್ಳಲು ಸಿಗುವ ರಜೆಯನ್ನು ನಮ್ಮವರಲ್ಲಿ ಬಹಳ ಜನ ಹೆರಿಗೆ ರಜೆಯ ಬಾಲ ಅಂದುಕೊಂಡಿದ್ದಾರೆ. ಅದು ಅಮ್ಮನಿಗೆ ಮಾತ್ರ ಅಲ್ಲ. ಅಪ್ಪ ಅಮ್ಮ ಇಬ್ಬರಿಗೂ ಪ್ರತ್ಯೇಕವಾಗಿ, ಒಂದು ಮಗುವಿಗೆ ಮೂರು ವರ್ಷದವರೆಗೆ ಇದೆ. ಮಗುವಿಗೆ ಮೂರು ತುಂಬುವ ಮೊದಲು ಕೇಳಿದರೆ ಕಂಪನಿಯ ಒಪ್ಪಿಗೆ ಬೇಕಿಲ್ಲ, ತಿಳಿಸಿದರೆ ಸಾಕು. ಆ ಅವಧಿಯಲ್ಲಿ ಕೆಲಸದಿಂದ ತೆಗೆಯದ ಹಾಗೆ ಕಾನೂನಿನ ರಕ್ಷಣೆಯೂ ಇದೆ. ತಿಳಿಸೋದು ಮಾತ್ರ ಏಳು ವಾರ ಮೊದಲೇ ಆಗಬೇಕು. ನಿಮ್ಮವರು ಸೆಪ್ಟೆಂಬರ್ ಒಂದು ತಿಂಗಳು ಈ ರಜೆ ಹಾಕಲಿ. 1ನೇ ತಾರೀಖಿನಿಂದ ಬೇಕಾದರೆ ಜುಲೈ ಮಧ್ಯದೊಳಗೆ ಪತ್ರ ಹೋಗಿರಬೇಕು, ಹಾಗಾಗಿ ಇವತ್ತೇ ಕೂತು ಬರೆಯಿಸಿ. ಮಗುವಿಗೆ 14 ತಿಂಗಳು ದಾಟಿರುವುದರಿಂದ ಈಗ ಹೊಸದಾಗಿ ಶುರು ಮಾಡುವ ರಜೆಗೆ ಸರ್ಕಾರದ ಎಲ್ಟರ್ನ್‌ಗೆಲ್ಡ್ ಹಣ (ಮಗುವಿಗಾಗಿ ರಜೆ ಹಾಕಿದವರಿಗೆ ಕೊಡುವ ಭತ್ಯೆ) ಸಾಮಾನ್ಯವಾಗಿ ಸಿಗುವುದಿಲ್ಲ. ಒಂದು ತಿಂಗಳ ಸಂಬಳ ಹೋಗುತ್ತದೆ. ಹೋಗಲಿ ಬಿಡಿ. ಅದರ ಬದಲು ಮಗು ಹೊಸ ಜಾಗಕ್ಕೆ ಹೋಗುವ ಮೊದಲ ತಿಂಗಳು ಪೂರ್ತಿ ಅಪ್ಪ ಊರಲ್ಲೇ ಇರುತ್ತಾರೆ. ನನ್ನ ಲೆಕ್ಕದಲ್ಲಿ ಇದಕ್ಕಿಂತ ಒಳ್ಳೆಯ ಖರ್ಚಿಲ್ಲ.

ಆ ತಿಂಗಳು ಯಾಕೆ ಬೇಕು ಅಂದರೆ, ಕಿಟಾದಲ್ಲಿ ಮಗುವನ್ನು ಮೊದಲ ದಿನವೇ ಬಾಗಿಲಲ್ಲಿ ಬಿಟ್ಟು ಓಡುವ ಪದ್ಧತಿ ಇಲ್ಲ. ನಿಧಾನವಾಗಿ ಒಗ್ಗಿಸುತ್ತಾರೆ. ಬರ್ಲಿನ್ ಮಾದರಿ ಅನ್ನುವ ಕ್ರಮದಲ್ಲಿ ಮೊದಲ ಮೂರು ದಿನ ಅಪ್ಪನೋ ಅಮ್ಮನೋ ಮಗುವಿನ ಜೊತೆ ಸುಮಾರು ಒಂದು ಗಂಟೆ ಕೂತು ಒಟ್ಟಿಗೇ ಮನೆಗೆ ಬರುತ್ತಾರೆ. ನೀವು ಆಡಿಸಬೇಕಿಲ್ಲ, ಒಂದು ಮೂಲೆಯಲ್ಲಿ ನೆಲದ ಮೇಲೆ ಕೂತಿದ್ದರೆ ಸಾಕು. ಮಗು ಒಂದು ಕಾರು ಹಿಡಿದು ನಾಲ್ಕು ಹೆಜ್ಜೆ ಹೋಗುತ್ತದೆ, ತಿರುಗಿ ನೋಡುತ್ತದೆ, ಓಡಿ ಬಂದು ನಿಮ್ಮ ಮಂಡಿ ಮುಟ್ಟುತ್ತದೆ, ಮತ್ತೆ ಹೋಗುತ್ತದೆ, ಈ ಸಲ ಆರು ಹೆಜ್ಜೆ. ನಾಲ್ಕನೇ ದಿನ ನೀವು ಟಾಟಾ ಹೇಳಿ ಸ್ವಲ್ಪ ಹೊತ್ತು ಹೊರಗೆ ಹೋಗುತ್ತೀರಿ. ಅಲ್ಲಿನ ಟೀಚರ್ ಎತ್ತಿಕೊಂಡಾಗ ಅವನು ಸಮಾಧಾನ ಆಗುತ್ತಾನಾ ಅಂತ ನೋಡುತ್ತಾರೆ. ಅಳುತ್ತಾನೆ, ಅಳಲಿ. ಎತ್ತಿಕೊಂಡವರ ಹೆಗಲ ಮೇಲೆ ಅಳು ನಿಲ್ಲುತ್ತಾ ಅನ್ನುವುದೇ ಮುಖ್ಯ. ಟಾಟಾ ಹೇಳದೆ ಕದ್ದು ಹೋಗಬೇಡಿ, ಅದೊಂದನ್ನು ಮಾಡಲೇಬೇಡಿ. ಕೆಲವು ಮಕ್ಕಳಿಗೆ ಎರಡು ವಾರ ಸಾಕು, ಕೆಲವಕ್ಕೆ ಆರು ವಾರವೂ ಆಗುತ್ತದೆ. ಆ ಹೊತ್ತಿಗೆ ಯಾರದೂ ಟೂರ್ ಇರಬಾರದು.

ಭಾಷೆಯ ವಿಷಯಕ್ಕೆ ಒಂದು ಉಪಾಯ. ಅವನು ಆಡುವ ಮಾತುಗಳನ್ನು ಜರ್ಮನ್ ಅಕ್ಷರದಲ್ಲಿ ಒಂದು ಹಾಳೆ ಮೇಲೆ ಬರೆದು, ಪಕ್ಕದಲ್ಲಿ ಅರ್ಥ ಬರೆದು ಟೀಚರ್ ಕೈಗೆ ಕೊಡಿ. ನೀರು, ಸಾಕು, ಎತ್ಕೋ, ಅಮ್ಮ ಬರ್ತಾಳೆ, ಜೋಜೋ. ಅವರು ಸಂತೋಷವಾಗಿ ಕಲಿಯುತ್ತಾರೆ. ಹೊಸ ಬಾಯಿಂದ "ನೀರು" ಅಂತ ಕೇಳಿದಾಗ ಮಗುವಿನ ಮುಖ ನೋಡಬೇಕು! ಅತ್ತೆ ಹೊರಡುವ ಮೊದಲು ಅವರ ಹಳೇ ಕಾಟನ್ ಸೀರೆಯ ಒಂದು ತುಂಡು ಇಟ್ಟುಕೊಳ್ಳಿ, ಮಧ್ಯಾಹ್ನ ಮಲಗುವಾಗ ಅದು ಕೈಯಲ್ಲಿರಲಿ. ದಡಾರದ ಲಸಿಕೆಯ ದಾಖಲೆ ಈಗಲೇ ಹುಡುಕಿಡಿ. 2020ರ ಮಾರ್ಚ್‌ನಿಂದ ಅದಿಲ್ಲದೆ ಕಿಟಾಕ್ಕೆ ಸೇರಿಸುವುದಿಲ್ಲ, ಒಂದು ವರ್ಷ ತುಂಬಿದವರಿಗೆ ಒಂದು ಡೋಸ್, ಎರಡು ತುಂಬಿದವರಿಗೆ ಎರಡು.

ಆಮೇಲೆ ಜ್ವರ. ಮೊದಲ ಚಳಿಗಾಲದಲ್ಲಿ ಮಗು ಕಿಟಾದಿಂದ ನೆಗಡಿ, ಜ್ವರ, ವಾಂತಿ ಎಲ್ಲ ತರುತ್ತದೆ, ಇದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಜ್ವರ ಬಿಟ್ಟು ಒಂದು ದಿನ ಪೂರ್ತಿ ಆಗುವವರೆಗೆ ಸಾಮಾನ್ಯವಾಗಿ ವಾಪಸ್ ಸೇರಿಸಿಕೊಳ್ಳುವುದಿಲ್ಲ. ಸರ್ಕಾರಿ ಆರೋಗ್ಯ ವಿಮೆಯಲ್ಲಿರುವ ಅಪ್ಪನಿಗೂ ಅಮ್ಮನಿಗೂ, ಪ್ರತಿಯೊಬ್ಬರಿಗೂ, 2024ರಿಂದ ವರ್ಷಕ್ಕೆ ಮಗುವೊಂದಕ್ಕೆ 15 ಕೆಲಸದ ದಿನ ಇದಕ್ಕೆಂದೇ ರಜೆ ಇದೆ. ಹೋದ ನಿವ್ವಳ ಸಂಬಳದ ಸುಮಾರು 90 ಶೇಕಡಾ ವಿಮೆಯವರು ಕೊಡುತ್ತಾರೆ. ಮಕ್ಕಳ ಡಾಕ್ಟರ ಚೀಟಿ ಬೇಕು. ಇಬ್ಬರದೂ ಸೇರಿದರೆ 30 ದಿನ. ಆದರೆ ಎಷ್ಟೋ ಕನ್ನಡ ಮನೆಗಳಲ್ಲಿ ಅಮ್ಮನ 15 ನವೆಂಬರ್‌ಗೇ ಮುಗಿದು, ಅಪ್ಪನ 15 ಹಾಗೇ ಉಳಿದಿರುತ್ತದೆ. ಮ್ಯಾನೇಜರ್ ಏನಂದುಕೊಳ್ಳುತ್ತಾರೋ, ವೀಸಾಗೆ ತೊಂದರೆ ಆಗುತ್ತೋ ಅಂತ ಹೆದರುತ್ತಾರೆ. ಮಗು ಜ್ವರದಲ್ಲಿ ಮಲಗಿರುವಾಗ ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಮ್ಯೂಟ್ ಮಾಡಿ ಮೀಟಿಂಗ್‌ನಲ್ಲಿ ಕೂರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಜರ್ಮನ್ ಸಹೋದ್ಯೋಗಿ ಒಂದು ಸಾಲಿನ ಮೇಲ್ ಬರೆದು ಈ ರಜೆ ತೆಗೆದುಕೊಳ್ಳುತ್ತಾರೆ. ನೀವೂ ಅದೇ ವಿಮೆಗೆ ಅಷ್ಟೇ ಹಣ ಕಟ್ಟುತ್ತಿದ್ದೀರಿ. ಇದು ಯಾರೋ ಮಾಡುವ ಉಪಕಾರ ಅಲ್ಲ, ನಿಮ್ಮ ಹಕ್ಕು.

ಒಂದೇ ಕಡೆ ಎಚ್ಚರ ಇರಲಿ. ಪಾರ್ಟ್‌ಟೈಮ್ ಮಾಡುವ ಯೋಚನೆ ಬಂದರೆ, ಬ್ಲೂ ಕಾರ್ಡ್‌ಗೆ (ಓದಿದ ವಿದೇಶಿ ಕೆಲಸಗಾರರಿಗೆ ಕೊಡುವ ವಾಸದ ಪರವಾನಗಿಗೆ) ವಾರ್ಷಿಕ ಸಂಬಳದ ಕನಿಷ್ಠ ಮಿತಿ ಇದೆ. ಗಂಟೆ ಕಡಿಮೆಯಾಗಿ ಸಂಬಳ ಅದರ ಕೆಳಗೆ ಇಳಿಯುವ ಹಾಗಿದ್ದರೆ ಒಪ್ಪಂದಕ್ಕೆ ಸಹಿ ಮಾಡುವ ಮೊದಲು ವಿದೇಶಿಯರ ಕಚೇರಿಗೆ ಬರೆದು ಕೇಳಿ.

ಅಪ್ಪ ಮತ್ತೆ ಟೂರ್ ಶುರು ಮಾಡಿದ ಮೇಲೆ ನಿಮಗೆ ಊರಲ್ಲಿ ಇಬ್ಬರು ಬೇಕು. ಮಗುವನ್ನು ಕರೆದುಕೊಂಡು ಹೋಗಲು ಯಾರಿಗೆ ಅನುಮತಿ ಇದೆ ಅಂತ ಕಿಟಾದಲ್ಲಿ ಒಂದು ಫಾರಂ ಕೊಡುತ್ತಾರೆ. ಅದರಲ್ಲಿ ನಿಮ್ಮಿಬ್ಬರ ಹೆಸರು ಮಾತ್ರ ಇರಬಾರದು. ಅದೇ ಕಿಟಾದ ಇನ್ನೊಂದು ಮಗುವಿನ ಅಮ್ಮ, ಮೇಲಿನ ಮನೆಯವರು, ಕನ್ನಡ ಕೂಟದಲ್ಲಿ ಪರಿಚಯ ಆದವರು, ಯಾರಾದರೂ ಸರಿ. ಟ್ರೈನ್ ನಿಂತುಹೋಗಿ ಐದು ಗಂಟೆಗೆ ತಲುಪೋಕೆ ಆಗದ ದಿನ ಬಂದೇ ಬರುತ್ತದೆ. ಕೇಳೋಕೆ ಸಂಕೋಚ ಬೇಡ, ಅವರಿಗೂ ನಿಮ್ಮಂಥವರು ಬೇಕಾಗಿರುತ್ತಾರೆ.

ಅತ್ತೆಯ ಮನಸ್ಸು ನೋಯಿಸದೆ ಹೇಳಿ. ಅವರ ಪ್ರೀತಿ ದೊಡ್ಡದು. ಯಾವುದೇ 180 ದಿನದಲ್ಲಿ 90 ದಿನ ಮಾತ್ರ ಇರಬಹುದು ಅನ್ನುವ ನಿಯಮದ ಪ್ರಕಾರ, ವೀಸಾ ಇದ್ದರೆ ಅಕ್ಟೋಬರ್ ಕೊನೆಯ ಹೊತ್ತಿಗೆ ಮತ್ತೆ ಬರಬಹುದು. ಆಗ ಕಿಟಾ ಒಗ್ಗಿರುತ್ತದೆ. ಬೆಳಿಗ್ಗೆ ಅವರಿಗೂ ಬಿಡುವು ಸಿಗುತ್ತದೆ, ಸಂಜೆ ಮೊಮ್ಮಗನ ಜೊತೆ ಆಡಬಹುದು. ಅವರು ಆಯಾ ಆಗಿ ಅಲ್ಲ, ಅಜ್ಜಿಯಾಗಿ ಬರಲಿ.

ಪ್ರಶ್ನೆ: ಸ್ಟುಟ್‌ಗಾರ್ಟ್‌ನಲ್ಲಿದ್ದೇವೆ. ನವೆಂಬರ್ ಹೊತ್ತಿಗೆ ಮಗಳಿಗೆ 22 ತಿಂಗಳು ದಾಟಿರುತ್ತೆ. ನವೆಂಬರ್ ಮೊದಲ ವಾರ ಬೆಂಗಳೂರಿಗೆ ಹೋಗಿ ಎರಡು ತಿಂಗಳು ಇದ್ದು ಅಲ್ಲಿಂದಲೇ ಕೆಲಸ ಮಾಡುವ ಪ್ಲಾನ್ ಇದೆ. ಎರಡು ವರ್ಷದೊಳಗೆ ಟಿಕೆಟ್ ಅಗ್ಗ ಅಂತ ಈಗಲೇ ಹೊರಟಿದ್ದೇವೆ. ನಾನು ಮೊದಲು ಹೋಗುತ್ತೇನೆ, ಆಮೇಲೆ ಹೆಂಡತಿ ಒಬ್ಬಳೇ ಮಗಳನ್ನು ಬೆಂಗಳೂರಿಗೆ ಕರೆತರಬೇಕು. ಏನೇನು ನೋಡಿಕೊಳ್ಳಬೇಕು?
– ಒಬ್ಬ ಅಪ್ಪ, ಸ್ಟುಟ್‌ಗಾರ್ಟ್

ಉತ್ತರ: ಮಗಳಿಗೆ ಎರಡು ತುಂಬೋದು ಪ್ರಯಾಣದ ನಡುವೆಯೇ ಆಗುತ್ತದೆ, ಗಮನಿಸಿದ್ದೀರಾ? ಹೋಗುವಾಗ ಮಡಿಲಲ್ಲಿ ಕೂರಬಹುದು, ಸಾಮಾನ್ಯವಾಗಿ ದೊಡ್ಡವರ ದರದ ಹತ್ತರಲ್ಲೊಂದು ಭಾಗ. ಬರುವಾಗ ಅವಳಿಗೆ ಬೇರೆ ಸೀಟು ಕಡ್ಡಾಯ. ಬುಕ್ ಮಾಡುವಾಗಲೇ ಹುಟ್ಟಿದ ದಿನ ಸರಿಯಾಗಿ ಹಾಕಿ. ನನ್ನನ್ನು ಕೇಳಿದರೆ ಹೋಗುವಾಗಲೂ ಸೀಟು ತೆಗೆದುಕೊಳ್ಳಿ. ಈ ವಯಸ್ಸಿನ ಮಗು ವಿಮಾನದ ತೊಟ್ಟಿಲು ಅಂದರೆ ಬಾಸಿನೆಟ್‌ನಲ್ಲಿ ಹಿಡಿಯುವುದಿಲ್ಲ, ಒಂಬತ್ತು ಗಂಟೆ ಒಬ್ಬರೇ ಮಡಿಲಲ್ಲಿ ಇಟ್ಟುಕೊಂಡು ಬರುವ ಹೆಂಡತಿಯ ಸೊಂಟದ ಬಗ್ಗೆಯೂ ಯೋಚಿಸಬೇಕು. ಫ್ರಾಂಕ್‌ಫರ್ಟ್‌ನಿಂದಲೂ ಮ್ಯೂನಿಕ್‌ನಿಂದಲೂ ಬೆಂಗಳೂರಿಗೆ ನೇರ ವಿಮಾನ ಇದೆ. ನೂರಿನ್ನೂರು ಯೂರೋ ಉಳಿಸೋಕೆ ನಡುವೆ ಎಲ್ಲೋ ಇಳಿದು ಹತ್ತುವ ಟಿಕೆಟ್ ಬೇಡ. ವಿಮಾನ ಏರುವಾಗ ಇಳಿಯುವಾಗ ಕುಡಿಯೋಕೆ ಏನಾದರೂ ಕೊಡುತ್ತಿದ್ದರೆ ಕಿವಿ ನೋವು ಕಡಿಮೆ.

ವಿಮಾನ ನಿಲ್ದಾಣಕ್ಕೆ ಐಸಿಇ ಅನ್ನುವ ವೇಗದ ರೈಲಿನಲ್ಲಿ ಹೋಗುವುದಾದರೆ ಸಣ್ಣ ಮಕ್ಕಳ ಕಂಪಾರ್ಟ್‌ಮೆಂಟ್ ಅಂತ ಬೇರೆಯೇ ಇದೆ, ಕೇಳಿ ರಿಸರ್ವ್ ಮಾಡಿ. ಬಾಗಿಲು ಹಾಕಿಕೊಳ್ಳಬಹುದು, ಸ್ಟ್ರಾಲರ್‌ಗೆ ಜಾಗ ಇರುತ್ತದೆ. ಆರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಹೆಂಡತಿ ಒಬ್ಬರೇ ಬರುವುದರಿಂದ "ಮಗಳ ಜೊತೆ ಪ್ರಯಾಣಕ್ಕೆ ನನ್ನ ಒಪ್ಪಿಗೆ ಇದೆ" ಅಂತ ನಿಮ್ಮ ಸಹಿಯ ಪತ್ರ, ನಿಮ್ಮ ಪಾಸ್‌ಪೋರ್ಟ್ ಪ್ರತಿ, ಮಗಳ ಜನನ ಪತ್ರದ ಪ್ರತಿ ಅವರ ಕೈಚೀಲದಲ್ಲಿರಲಿ. ಗಡಿ ಪೊಲೀಸರು ಕೇಳಬಹುದು.

ಈಗ ಕೆಲಸ. ಕಂಪನಿಯ ಒಪ್ಪಿಗೆ ಬರಹದಲ್ಲಿ ಬೇಕು, ಮ್ಯಾನೇಜರ್ ಬಾಯಿಮಾತಲ್ಲಿ ಹೂಂ ಅಂದರೆ ಸಾಲದು. ಯುರೋಪಿನ ಹೊರಗೆ ಕೂತು ಕೆಲಸ ಮಾಡುವಾಗ ತೆರಿಗೆ, ವಿಮೆ ಎಲ್ಲದರ ಪ್ರಶ್ನೆ ಬರುತ್ತದೆ. ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ವ್ಯತ್ಯಾಸ. ಜರ್ಮನಿಯ ಬೆಳಿಗ್ಗೆ ಒಂಬತ್ತು ಅಂದರೆ ಬೆಂಗಳೂರಲ್ಲಿ ಮಧ್ಯಾಹ್ನ ಒಂದೂವರೆ, ಅಲ್ಲಿಯ ಐದು ಅಂದರೆ ರಾತ್ರಿ ಒಂಬತ್ತೂವರೆ. ಬೆಳಗೆಲ್ಲ ಮಗಳಿಗೆ ಕೊಡಬಹುದು. ಊಟ ಮಾಡಿಸಿ ಮಲಗಿಸುವ ಹೊತ್ತಿಗೆ ನೀವು ಕಾಲ್‌ನಲ್ಲಿರುತ್ತೀರಿ, ಇದನ್ನು ಮನೆಯವರಿಗೆ ಮೊದಲೇ ಹೇಳಿಡಿ. ಮನೆ ತುಂಬ ನೆಂಟರಿದ್ದಾರೆ, ಮಗು ಅವರ ಹತ್ತಿರ ಇರುತ್ತದೆ ಅಂದುಕೊಂಡು ಹೋಗಬೇಡಿ. ಮೊದಲ ವಾರ ಅವಳು ಯಾರ ಹತ್ತಿರವೂ ಹೋಗುವುದಿಲ್ಲ, ಎಲ್ಲರೂ ಎತ್ತಿಕೊಳ್ಳಲು ಬಂದಷ್ಟೂ ಅಮ್ಮನ ಸೆರಗಿಗೆ ಜೋತು ಬೀಳುತ್ತಾಳೆ. ಆ ವಾರ ನೀವು ಕೆಲಸದ ರಜೆಯನ್ನೇ ಹಾಕಿ. ಎರಡು ತಿಂಗಳು ಕಿಟಾ ತಪ್ಪಿದರೆ ವಾಪಸ್ ಬಂದ ಮೇಲೆ ಮತ್ತೆ ಸ್ವಲ್ಪ ದಿನ ಒಗ್ಗಿಸಬೇಕಾಗುತ್ತದೆ. ಅದಕ್ಕೂ ರಜೆ ಉಳಿಸಿಕೊಳ್ಳಿ.

ಪ್ರಶ್ನೆ: ಮಗ ಸೊಸೆ ಫ್ರಾಂಕ್‌ಫರ್ಟ್‌ನಲ್ಲಿದ್ದಾರೆ ತಾಯಿ. ಮೊಮ್ಮಗನಿಗೆ 20 ತಿಂಗಳು. ಫೋನಿನಲ್ಲಿ ನನ್ನನ್ನು ಕಂಡರೆ ಓಡಿಹೋಗುತ್ತಾನೆ, ಕನ್ನಡದಲ್ಲಿ ಒಂದು ಮಾತೂ ಆಡಲ್ಲ. ಎರಡು ಭಾಷೆ ಆಗಿ ಮಾತು ತಡ ಆಗ್ತಿದೆ ಅಂತ ಎಲ್ಲರೂ ಅಂತಾರೆ. ಮುಂದಿನ ತಿಂಗಳು ನಮ್ಮವರೊಬ್ಬರು ಹೋಗುತ್ತಿದ್ದಾರೆ, ಅವರ ಕೈಲಿ ತುಪ್ಪ, ಮಾವಿನಹಣ್ಣು, ರಾಗಿ ಹಿಟ್ಟು ಕಳಿಸಬಹುದೇ?
– ಒಬ್ಬ ಅಜ್ಜಿ, ದಾವಣಗೆರೆ

ಉತ್ತರ: ಅಮ್ಮಾ, ಎರಡು ಭಾಷೆ ಕೇಳಿದ್ದರಿಂದ ಮಕ್ಕಳ ಮಾತು ಕೆಡುವುದಿಲ್ಲ. ಆ ಭಯ ಬಿಡಿ, ನೀವು ಕನ್ನಡವನ್ನೇ ಆಡಿ. ಎರಡು ತುಂಬುವ ಹೊತ್ತಿಗೆ ಅಲ್ಲಿ ಎಲ್ಲ ಮಕ್ಕಳಿಗೂ ಒಂದು ತಪಾಸಣೆ ಇರುತ್ತದೆ, ಊ-7 ಅನ್ನುತ್ತಾರೆ. ಮಾತಿನ ಬಗ್ಗೆ ಡಾಕ್ಟರು ಆಗ ನೋಡುತ್ತಾರೆ, ಅಲ್ಲಿ ಕೇಳಲು ಮಗನಿಗೆ ಹೇಳಿ.

ಫೋನನ್ನು ಮಗುವಿನ ಮುಖಕ್ಕೆ ಹಿಡಿದು "ಅಜ್ಜಿಗೆ ಹಾಯ್ ಹೇಳು, ಮಾತಾಡು" ಅಂದರೆ ಯಾವ ಮಗುವೂ ಓಡುತ್ತದೆ. ಅವನು ಊಟಕ್ಕೆ ಕೂತಾಗ ಮೇಜಿನ ಮೇಲೆ ಫೋನ್ ನಿಲ್ಲಿಸಿಡಲು ಹೇಳಿ. ನೀವು ನಿಮ್ಮ ಪಾಡಿಗೆ ಅವರೆಕಾಯಿ ಸುಲಿಯುತ್ತಾ, ಕಾಳು ಎಣಿಸುತ್ತಾ, ಆನೆ ಬಂತೊಂದಾನೆ ಹಾಡುತ್ತಾ ಇರಿ. ಮಾತಾಡಿಸಲೇಬೇಡಿ. ಅವನೇ ನೋಡುತ್ತಾನೆ. ಶನಿವಾರ ಅಲ್ಲಿ ಬೆಳಿಗ್ಗೆ ಒಂಬತ್ತಾದಾಗ ನಿಮಗೆ ಮಧ್ಯಾಹ್ನ ಹನ್ನೆರಡೂವರೆ, ಚಳಿಗಾಲದಲ್ಲಿ ಒಂದೂವರೆ. ಪ್ರತಿ ವಾರ ಅದೇ ಹೊತ್ತು ಇರಲಿ.

ತುಪ್ಪ ಕಳಿಸಬೇಡಿ. ಭಾರತದಿಂದ ಹಾಲಿನ ಪದಾರ್ಥಗಳನ್ನು ಲಗೇಜಿನಲ್ಲಿ ಒಯ್ಯಲು ಯುರೋಪಿನಲ್ಲಿ ಬಿಡುವುದಿಲ್ಲ. ಮಾವಿನಹಣ್ಣಿಗೆ, ಹಸಿ ಕರಿಬೇವಿಗೆ ಸಸ್ಯ ಆರೋಗ್ಯ ಪತ್ರ ಬೇಕು, ಅದಿಲ್ಲದೆ ಹಿಡಿದರೆ ಎಸೆಯುತ್ತಾರೆ, ತಂದವರಿಗೂ ಫಜೀತಿ. ರಾಗಿ ಹಿಟ್ಟು ಕಳಿಸಿ, ಅಂಗಡಿಯ ಸೀಲ್ ಇರುವ ಪ್ಯಾಕೆಟ್ ಆದರೆ ಒಳ್ಳೆಯದು. ತುಪ್ಪಕ್ಕೆ ಅಲ್ಲಿಯೇ ಉಪ್ಪಿಲ್ಲದ ಬೆಣ್ಣೆ ಸಿಗುತ್ತದೆ. ಮುಂದಿನ ಶನಿವಾರ ಸೊಸೆ ಒಲೆ ಮೇಲೆ ಇಟ್ಟಾಗ ನೀವು ಫೋನಿನಲ್ಲಿ ನೋಡುತ್ತಾ, ನೊರೆ ಇಳಿದು ತಳದ ಗಸಿ ಕೆಂಪಾದಾಗ ಉರಿ ಆರಿಸಲು ಹೇಳಿ.